ರ ಗ ಸ ದ ಅ: ಒಂದು ಮನೆಪಾಠದ ಕಥೆ

ಬೆಳಿಗ್ಗೆ ಕಾಲೇಜಿನಲ್ಲಿ ಪದವಿ ತರಗತಿಯವರಿಗೆ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಬೋಧಿಸಿ, ಸಂಜೆ ಮನೆಗೆ ಬಂದು ಆರು ವರ್ಷದ ಮಗಳಿಗೆ ಅಕ್ಷರ ಕಲಿಸಲಾರದೆ ಸೋತವನೊಬ್ಬನ ವೃತ್ತಾಂತವಿದು. ಸೋತದ್ದನ್ನು ಊರಿಗೆಲ್ಲ ಸಾರಿಕೊಳ್ಳುವುದು ಜಾಣತನವಲ್ಲವೆಂಬುದನ್ನು ಬಲ್ಲೆ. ಆದರೆ ಎಳೆಯ ಮಕ್ಕಳಿರುವ ಮನೆಗಳಲ್ಲಿ ಸಂಜೆ ಏಳರಿಂದ ಎಂಟರವರೆಗೆ ನಡೆಯುವ ಆ ಸಣ್ಣ ಯುದ್ಧದ ಸದ್ದು ನಮ್ಮ ಬೀದಿಯಲ್ಲಿ ನಮ್ಮೊಂದು ಮನೆಯಿಂದ ಮಾತ್ರವೇ ಕೇಳಿಬರುತ್ತಿರಲಿಲ್ಲ. ಆದಕಾರಣ ಹೇಳಿಕೊಳ್ಳಲು ಸಂಕೋಚ ಸ್ವಲ್ಪ ಕಡಿಮೆ.

ಮಗಳನ್ನು ಮೈಸೂರಿನಲ್ಲಿ ನಮ್ಮ ಮನೆಗೆ ನಾಲ್ಕು ಬೀದಿ ಆಚೆಯಿರುವ ಸರ್ಕಾರಿ ಪ್ರಾಥಮಿಕ ಶಾಲೆಗೆ ಸೇರಿಸಿದೆವು. ಬಂಧುಗಳು ಹುಬ್ಬೇರಿಸಿದರು. ಆ ಚರ್ಚೆಗೆ ಇಲ್ಲಿ ಎಡೆಯಿಲ್ಲ. ಮೊದಲ ಎರಡು ತಿಂಗಳು ಹಾಡು, ಕಥೆ, ಆಟ, ಮಣ್ಣಿನ ಗೊಂಬೆ ಇವುಗಳಲ್ಲೇ ಕಳೆದವು. ಮಗು ಕುಣಿಯುತ್ತ ಹೋಗಿ ಕುಣಿಯುತ್ತ ಬರುತ್ತಿತ್ತು. ಬಂದಮೇಲೆ ಶಾಲೆಯ ಕಥೆಯನ್ನು ಒಂದು ಗಂಟೆ ಹೇಳುತ್ತಿತ್ತು. ನನ್ನ ತಾಯಿಗೆ ಮಾತ್ರ ಸಮಾಧಾನವಿರಲಿಲ್ಲ. “ಎರಡು ತಿಂಗಳಾಯಿತಲ್ಲೋ, ಒಂದಕ್ಷರ ತಿದ್ದಿಸಲಿಲ್ಲ” ಎಂಬುದು ಅವರ ದೂರು.

ಒಂದು ಶನಿವಾರ, ಬೆಳಗಿನ ಶಾಲೆ ಮುಗಿಸಿಕೊಂಡು ಬಂದ ಮಗಳು ತನ್ನ ಪುಸ್ತಕವನ್ನು ತೆರೆದು ಅಜ್ಜಿಯ ಮುಂದೆ ಹಿಡಿದಳು. ಅದರಲ್ಲಿ ಐದು ಅಕ್ಷರಗಳಿದ್ದವು: ರ, ಗ, ಸ, ದ, ಅ.

“ಇದೇನೋ ಇದು! ಅ ಆ ಇ ಈ ಎಲ್ಲಿ ಹೋಯಿತು? ಬಾಲದಿಂದ ಶುರುಮಾಡಿದ್ದಾರಲ್ಲ!” ಎಂದರು ತಾಯಿ.

ನನಗೂ ಮನಸ್ಸಿಗೆ ಚುರುಕು ಮುಟ್ಟಿತು. ನಮ್ಮ ವರ್ಣಮಾಲೆಯ ಕ್ರಮವೇನು ಸಾಮಾನ್ಯವೇ? 13 ಸ್ವರ, 2 ಯೋಗವಾಹ, 34 ವ್ಯಂಜನ. ಕಂಠದಲ್ಲಿ ಹುಟ್ಟುವ ಕವರ್ಗದಿಂದ ಹೊರಟು ತುಟಿಯಲ್ಲಿ ಹುಟ್ಟುವ ಪವರ್ಗದವರೆಗೆ, ಬಾಯಿಯೊಳಗಿನ ಉಚ್ಚಾರಣಸ್ಥಾನಗಳನ್ನು ಅನುಸರಿಸಿ ಸಾಲುಗೊಳಿಸಿದ ಶಾಸ್ತ್ರ. ಅದನ್ನು ಹೀಗೆ ಕಲಸುಮೇಲೋಗರ ಮಾಡುವುದೆಂದರೇನು? ಶಾಲೆಯವರು ಕೆಡಿಸಿದ್ದನ್ನು ಮನೆಯಲ್ಲಿ ಸರಿಪಡಿಸಲೇಬೇಕೆಂದು ನಿಶ್ಚಯಿಸಿದೆ. ಕನ್ನಡ ಎಂ.ಎ. ಮಾಡಿದ ತಂದೆ ಮನೆಯಲ್ಲಿರುವಾಗ ಚಿಂತೆ ಯಾತಕ್ಕೆ!

ಸೋಮವಾರದಿಂದ ಮನೆಪಾಠ ಆರಂಭವಾಯಿತು. ದಿನಕ್ಕೆ ನಾಲ್ಕು ಅಕ್ಷರ, ಒಂದೊಂದನ್ನೂ ಹತ್ತು ಸಲ ಬರೆಯಬೇಕು. ಸ್ವರಗಳು ಹೇಗೋ ದಾಟಿದವು. ಕಕಾರದ ದಿನ ನಾನು ಪತ್ರಿಕೆ ಓದುತ್ತ ಕುಳಿತಿದ್ದವನು ತಿರುಗಿ ನೋಡಿದರೆ, ಅವಳು ಮೊದಲು ಸಾಲಿನುದ್ದಕ್ಕೂ ಹತ್ತು ಸುರುಳಿಗಳನ್ನು ಬರೆದುಮುಗಿಸಿ, ಬಳಿಕ ಒಂದು ತುದಿಯಿಂದ ಎಲ್ಲಕ್ಕೂ ತಲೆಕಟ್ಟು ಹಾಕಿಕೊಂಡು ಹೋಗುತ್ತಿದ್ದಳು, ಸಾಲಾಗಿ ನಿಂತ ಹುಡುಗರ ತಲೆಗೆ ಟೋಪಿ ತೊಡಿಸುವಂತೆ. “ಹೀಗೆ ಮಾಡಿದರೆ ಬೇಗ ಆಗತ್ತಪ್ಪಾ” ಎಂದಳು. ಪುಟ ತುಂಬಿತ್ತು, ಆದರೆ ಆ ಪುಟದಲ್ಲಿ ಅವಳು ‘ಕ’ ಎಂಬ ಅಕ್ಷರವನ್ನು ಒಂದು ಸಲವೂ ಬರೆದಿರಲಿಲ್ಲ. ಹತ್ತು ಸಲ ಬರೆಸುವ ತಂದೆತಾಯಿಗಳು ಒಮ್ಮೆ ಪಕ್ಕದಲ್ಲಿ ಕುಳಿತು ನೋಡಬೇಕು.

ಮುಗ್ಗರಿಸಿದ್ದು ‘ಞ’ಕಾರದಲ್ಲಿ. ಆ ವಕ್ರರೇಖೆಗಳ ಜಟಿಲ ಆಕೃತಿಯನ್ನು ಮೂರು ಸಲ ಅಳಿಸಿ ಬರೆಸಿದೆ. ಕಾಗದ ಹರಿಯಿತು. “ಇದು ಯಾವ ಮಾತಲ್ಲಿ ಬರತ್ತಪ್ಪಾ?” ಎಂದು ಕೇಳಿದಳು. ‘ಜ್ಞಾನ’ ಎಂದೆ. “ಅದು ಗ್ನಾನ ಅಲ್ವಾ?” ಎಂದಳು. ಭಾಷಾಶಾಸ್ತ್ರದ ತರಗತಿಯಲ್ಲಾಗಿದ್ದರೆ ಈ ಪ್ರಶ್ನೆಯ ಮೇಲೆ ಮುಕ್ಕಾಲು ಗಂಟೆ ಮಾತನಾಡುತ್ತಿದ್ದೆ. ಅಂದು ಗದರಿಸಿದೆ. ಮಗು ಅತ್ತಿತು. ನನ್ನ ಪತ್ನಿ ಅಡಿಗೆಮನೆಯಿಂದ ಬಂದು, ಒಂದು ಮಾತನ್ನೂ ಆಡದೆ, ಅವಳನ್ನು ಎತ್ತಿಕೊಂಡು ಹೋದಳು. ಬೈದಿದ್ದರೆ ವಾಸಿಯಿತ್ತು.

ಆಮೇಲೆ ನಡೆದದ್ದು ನನ್ನ ಗಮನಕ್ಕೆ ಬರಲು ಎರಡು ವಾರ ಹಿಡಿಯಿತು. ಮಗಳು ಶಾಲೆಯ ಕಥೆ ಹೇಳುವುದನ್ನು ನಿಲ್ಲಿಸಿದ್ದಳು. “ಇವತ್ತು ಏನು ಕಲಿತೆ?” ಎಂದರೆ “ಏನಿಲ್ಲ.” ಸಂಜೆ ಏಳು ಹೊಡೆಯುವ ಹೊತ್ತಿಗೆ ಹೊಟ್ಟೆನೋವು. ಒಂದು ಬೆಳಿಗ್ಗೆ, ಶಾಲೆಗೇ ಹೋಗುವುದಿಲ್ಲವೆಂದು ಕಂಬವನ್ನು ಅಪ್ಪಿಕೊಂಡು ನಿಂತಳು. ಅಂದೇ ಶಾಲೆಯಿಂದಲೂ ಕರೆ ಬಂತು. ಹಾಡಿಗೆ ಎಲ್ಲರಿಗಿಂತ ಮುಂದಿದ್ದ ಹುಡುಗಿ ಮೂಲೆ ಹಿಡಿದು ಕೂರುತ್ತಿದ್ದಾಳೆ, ಸೀಮೆಸುಣ್ಣ ಕೊಟ್ಟರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ, ಒಮ್ಮೆ ಬಂದು ಹೋಗಿ ಎಂದು.

ಶನಿವಾರ ಹೋದೆ. ಆ ಕೋಣೆಯಲ್ಲಿ ಬೆಂಚುಗಳಿರಲಿಲ್ಲ. ಮೊದಲ ಮೂರು ತರಗತಿಯ ಮಕ್ಕಳು ಒಟ್ಟಾಗಿ, ನೆಲದ ಮೇಲೆ ಐದಾರು ಗುಂಪುಗಳಲ್ಲಿ ಕುಳಿತಿದ್ದರು. ಒಂದು ಗುಂಪಿನೊಡನೆ ಉಪಾಧ್ಯಾಯಿನಿ. ಇನ್ನೊಂದರಲ್ಲಿ ದೊಡ್ಡ ಮಕ್ಕಳು ಸಣ್ಣವರಿಗೆ ತೋರಿಸಿಕೊಡುತ್ತಿದ್ದರು. ಮತ್ತೊಂದರಲ್ಲಿ ಯಾರ ಹಂಗೂ ಇಲ್ಲದೆ ತಂತಮ್ಮ ಕಾರ್ಡುಗಳ ಕೆಲಸ. ಗೋಡೆಯ ಕೆಳಭಾಗಕ್ಕೆ, ಮಕ್ಕಳ ಕೈಗೆಟಕುವಂತೆ, ಕಪ್ಪು ಬಣ್ಣ ಬಳಿದು ಹಲಗೆ ಮಾಡಿದ್ದರು. ತಲೆಯ ಮೇಲೆ ದಾರಗಳ ಚಪ್ಪರ; ಅದರಲ್ಲಿ ಮಕ್ಕಳು ಬರೆದ ಚಿತ್ರಗಳು ತೂಗುತ್ತಿದ್ದವು. ಗೋಡೆಯ ಮೇಲೊಂದು ಏಣಿಯ ಚಿತ್ರ. ಆ ಏಣಿಯಲ್ಲಿ ತಾನು ಯಾವ ಮೆಟ್ಟಿಲಿನಲ್ಲಿದ್ದೇನೆಂಬುದನ್ನು ಪ್ರತಿಯೊಂದು ಮಗುವೂ ಬಲ್ಲದು.

ಇದಕ್ಕೆ ‘ನಲಿಕಲಿ’ ಎಂದು ಹೆಸರು. ಆಂಧ್ರದ ಋಷಿವ್ಯಾಲಿಯ ಪ್ರಯೋಗವನ್ನು ನೋಡಿಬಂದ ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಯುನಿಸೆಫ್ ನೆರವಿನಿಂದ 1995ರಲ್ಲಿ ಆರಂಭಿಸಿದ್ದು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ಮೈಸೂರಿನಲ್ಲಿದ್ದುಕೊಂಡು, ನಮ್ಮ ಜಿಲ್ಲೆಯಲ್ಲೇ ಹುಟ್ಟಿದ ಪದ್ಧತಿಯೊಂದನ್ನು ನಾನು ಮಗಳ ದೆಸೆಯಿಂದ ಮೊದಲ ಸಲ ಕಣ್ಣಾರೆ ಕಂಡೆನೆಂಬುದು ಹೆಮ್ಮೆಯ ಮಾತೇನಲ್ಲ. ಕೋಟೆಯ ಕಡೆಯ ಹಳ್ಳಿಗಳಲ್ಲಿ ಸುಗ್ಗಿ ಬಂತೆಂದರೆ, ಮನೆಯವರು ಕೂಲಿಗೆ ಹೊರಟರೆಂದರೆ, ಮಗು ಹದಿನೈದು ದಿನ ಶಾಲೆಗೆ ಬಾರದು. ತಿರುಗಿ ಬಂದಾಗ ತರಗತಿ ನಾಲ್ಕು ಪಾಠ ಮುಂದೆ ಹೋಗಿರುತ್ತದೆ. ಮಗು ಬೆದರಿ ಶಾಲೆ ಬಿಡುತ್ತದೆ. ಏಣಿಯ ಪದ್ಧತಿಯಲ್ಲಿ ಹಾಗಿಲ್ಲ. ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಅಂದಮೇಲೆ ‘ಈ ವಾರ ತರಗತಿಯಲ್ಲಿ ಎಲ್ಲಿಯವರೆಗೆ ಆಯಿತು? ಪಕ್ಕದ ಮನೆಯ ಹುಡುಗ ಎಲ್ಲಿದ್ದಾನೆ?’ ಎಂಬ ನಮ್ಮ ನಿತ್ಯದ ಪ್ರಶ್ನೆಗೆ ಅಲ್ಲಿ ಅರ್ಥವೇ ಇಲ್ಲ. ಕೇಳಬೇಕಾದ್ದು, ಈ ಮಗು ಈ ವಾರ ಯಾವ ಮೆಟ್ಟಿಲಿನಲ್ಲಿದೆ ಎಂಬುದೊಂದೇ.

ಉಪಾಧ್ಯಾಯಿನಿ ನನಗಿಂತ ಹಿರಿಯರು. ನನ್ನ ಪಾಂಡಿತ್ಯವನ್ನು ಅವರು ಗೌರವದಿಂದಲೇ ಕೇಳಿಸಿಕೊಂಡು, ಒಂದು ಪ್ರಶ್ನೆ ಹಾಕಿದರು: “ಸರ್, ಅ ಆ ಇ ಈ ಉ, ಈ ಐದರಿಂದ ಮಗು ಓದಬಲ್ಲ ಎಷ್ಟು ಮಾತು ಮಾಡಿಕೊಡುತ್ತೀರಿ?”

ಯೋಚಿಸಿದೆ. ‘ಆ’, ‘ಈ’. ಅಷ್ಟೇ.

“ರ ಗ ಸ ದ ಅ, ಇವುಗಳಿಂದ?”

ಸರ, ರಸ, ಅರಸ, ಅಗಸ, ಗರಗಸ... ನಾನೇ ಬೆರಳು ಮಡಿಸತೊಡಗಿದೆ. ಮುಂದಿನ ಗುಂಪು ಜ, ವ, ಮ, ಬ, ನ. ಅವೂ ಸೇರಿದರೆ ಮರ, ಜನ, ದನ, ಗಮನ, ಅವಸರ! ಹತ್ತು ಅಕ್ಷರ ಬಲ್ಲ ಮಗು ಆಗಲೇ ಓದುಗ. ‘ವ’ ಬಂದರೆ ಅದಕ್ಕೆ ಒಂದು ಕೊಂಡಿ ಸೇರಿಸಿದ ‘ಮ’ ಬಂದಂತೆಯೇ. ಙ, ಞಗಳಿಗೆ ಆರಂಭದಲ್ಲಿ ಅಲ್ಲಿ ಜಾಗವೇ ಇಲ್ಲ. ವರ್ಣಮಾಲೆಯ ಕ್ರಮ ಕಿವಿಗೂ ಬಾಯಿಗೂ ಸಂಬಂಧಪಟ್ಟದ್ದು. ನಾಳೆ ನಿಘಂಟು ನೋಡುವಾಗ, ವ್ಯಾಕರಣ ಓದುವಾಗ ಬೇಕೇ ಬೇಕು. ಕಣ್ಣಿನಿಂದ ಓದಲು, ಕೈಯಿಂದ ಬರೆಯಲು ಹೊರಟ ಆರು ವರ್ಷದ ಮಗುವಿನ ಕ್ರಮ ಬೇರೆ. ಕೇಶಿರಾಜನು ತನ್ನ ಗ್ರಂಥವನ್ನು ಒಂದನೆಯ ತರಗತಿಗಾಗಿ ಬರೆಯಲಿಲ್ಲವೆಂಬ ಸರಳ ಸಂಗತಿ ನನಗೆ ಹೊಳೆದಿರಲಿಲ್ಲ.

ನಮ್ಮ ಮಕ್ಕಳು ಹೊರುವ ಭಾರವನ್ನು ಒಮ್ಮೆ ಲೆಕ್ಕ ಹಾಕಿ ನೋಡಬಹುದು. ಇಂಗ್ಲಿಷ್ ಕಲಿಯುವ ಮಗುವಿಗೆ 26 ಅಕ್ಷರ. ದೊಡ್ಡವು, ಚಿಕ್ಕವು ಸೇರಿ 52 ರೂಪ. ಕನ್ನಡದಲ್ಲಿ ಕಾಗುಣಿತವೇ 34 ವ್ಯಂಜನಕ್ಕೆ 15ರಂತೆ 510 ರೂಪಗಳು. ಅದರ ಮೇಲೆ ಒತ್ತಕ್ಷರ. ಬಹುಪಾಲು ಒತ್ತುಗಳು ಮೂಲ ಅಕ್ಷರವನ್ನೇ ಹೋಲುತ್ತವೆ, ತಲೆಕಟ್ಟು ಮಾತ್ರ ಇರುವುದಿಲ್ಲ. ಆದರೆ ತ, ನ, ಮ, ಯ, ರ, ಲ ಇವುಗಳ ಒತ್ತಿಗೂ ಮೂಲಕ್ಕೂ ಮುಖಸಾಮ್ಯವೇ ಇಲ್ಲ. ಮಗುವಿನ ಬಾಯಲ್ಲಿ ಸದಾ ಇರುವ ಅಮ್ಮ, ಅನ್ನ, ಅತ್ತೆ, ಎಲ್ಲ ಎಂಬ ಮಾತುಗಳಲ್ಲಿ ಬರುವುವು ಇವೇ! ಹುಟ್ಟಿದಂದಿನಿಂದ ಕರೆಯುತ್ತ ಬಂದ ‘ಅಮ್ಮ’ನನ್ನು ಓದಲು ಮಗು ಎಷ್ಟೋ ತಿಂಗಳು ಕಾಯಬೇಕು. ಕನ್ನಡವನ್ನು ಸರಾಗವಾಗಿ ಓದಲು ವರ್ಷ ಎರಡು ವರ್ಷ ಹಿಡಿದರೆ, ಅದು ಮಗುವಿನ ಮಂದಬುದ್ಧಿಯಲ್ಲ. ‘ಆರು ತಿಂಗಳಾದರೂ ಪತ್ರಿಕೆ ಓದುವುದಿಲ್ಲ’ ಎಂದು ಮರುಗುವವರು ಈ ಲೆಕ್ಕವನ್ನು ಮರೆತಿರುತ್ತಾರೆ.

“ಹಾಗಾದರೆ ಮನೆಯಲ್ಲಿ ನಾವೇನು ಮಾಡಬೇಕು?” ಎಂದು ಕೇಳಿದೆ.

“ಪಾಠ ಮಾಡಬೇಡಿ. ಅದು ನನ್ನ ಕೆಲಸ” ಎಂದು ಆಕೆ ನಕ್ಕರು. “ಶನಿವಾರಕ್ಕೊಮ್ಮೆ ಪುಸ್ತಕ ನೋಡಿ. ಏನು ಕಲಿತಳೋ ಅವಳೇ ನಿಮಗೆ ಕಲಿಸಲಿ. ನೀವು ಕಥೆ ಓದಿ ಹೇಳಿ. ಮುಂದಿನ ಮೆಟ್ಟಿಲಿಗೆ ಮಾತ್ರ ಎಳೆಯಬೇಡಿ.”

ಅಂದಿನಿಂದ ನಮ್ಮ ಮನೆಯ ಏಳು ಗಂಟೆಯ ಯುದ್ಧ ನಿಂತಿತು. ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಶಾಲೆ. ಮೊದಲ ಶನಿವಾರ ಅವಳು ಬರಲೇ ಇಲ್ಲ. ಪುಸ್ತಕ ಕಂಡೊಡನೆ ಅಜ್ಜಿಯ ಸೆರಗಿನ ಹಿಂದೆ ಸೇರಿಕೊಂಡಳು. ಎರಡನೆಯ ಶನಿವಾರ ತಾಯಿಯವರು ತಾವೇ ಹಳೆಯ ತಟ್ಟೆಯೊಂದರಲ್ಲಿ ಮರಳು ಹರವಿ, ಅದರಲ್ಲಿ ‘ಗ’ ಬರೆದು ಅದಕ್ಕೆ ‘ಸ’ ಎಂದು ಹೆಸರಿಟ್ಟರು. ಮಗು ಸಹಿಸದೆ ಹೊರಬಂತು. “ಅಜ್ಜೀ, ಅದು ಸ ಅಲ್ಲ!” ಅಲ್ಲಿಂದ ಮುಂದೆ ಅವಳೇ ಉಪಾಧ್ಯಾಯಿನಿ, ಅಜ್ಜಿ ಮೊದಲನೆಯ ವಿದ್ಯಾರ್ಥಿನಿ, ನಾನು ಎರಡನೆಯವನು. ತಾಯಿಯವರು ಬೇಕೆಂದೇ ತಪ್ಪು ಹೇಳಿ ಬೈಸಿಕೊಳ್ಳುವ ಪರಿಯನ್ನು ನೋಡಬೇಕು! ಮರಳಿನ ಮೇಲೆ ತಿದ್ದಿ ಅಕ್ಷರ ಕಲಿತವರು ಅವರು. ಸಂಜೆ ದೀಪ ಹಚ್ಚಿದ ಮೇಲೆ ಹಜಾರದಲ್ಲಿ ಸಾಲಾಗಿ ಕುಳಿತು ಬಾಯಿಪಾಠ, ಮಗ್ಗಿ ಒಪ್ಪಿಸಿದವರು. ಆ ಕಾಲದಲ್ಲೂ ಮನೆಯ ಹಿರಿಯರು ಪಾಠ ಮಾಡುತ್ತಿರಲಿಲ್ಲ, ಕೇಳುತ್ತಿದ್ದರು; ತಪ್ಪಿದಲ್ಲಿ ಮಾತ್ರ ‘ಹ್ಞೂಂ?’ ಎನ್ನುತ್ತಿದ್ದರು. ನಾವು ಆ ‘ಹ್ಞೂಂ?’ ಅನ್ನು ಬಿಟ್ಟು ಬೆತ್ತವನ್ನು ಮಾತ್ರ ಉಳಿಸಿಕೊಂಡೆವೋ ಏನೋ.

ಉಳಿದ ದಿನಗಳಲ್ಲಿ ಪಾಠವೆಂಬುದಿಲ್ಲ. ಪತ್ನಿ ಅಡಿಗೆಮನೆಯ ಡಬ್ಬಿಗಳಿಗೆ ಚೀಟಿ ಅಂಟಿಸಿದ್ದಾಳೆ. ಮಗು ಅವುಗಳಲ್ಲಿ ತನಗೆ ಪರಿಚಯವಾದ ಅಕ್ಷರವನ್ನು ಹುಡುಕುತ್ತದೆ. ಪೂರ್ತಿ ಓದಬೇಕೆಂಬ ಬಲವಂತವಿಲ್ಲ. ಲೆಕ್ಕಕ್ಕೆ ಹುಣಿಸೆಬೀಜ, ಪೊರಕೆಕಡ್ಡಿ. ಹತ್ತು ಕಡ್ಡಿಗೆ ಒಂದು ಕಟ್ಟು. ಎರಡು ಕಟ್ಟು, ಮೂರು ಬಿಡಿ ಎಂದರೆ ಇಪ್ಪತ್ತಮೂರು. ರಾತ್ರಿ ಮಲಗುವ ಮುನ್ನ ಹತ್ತು ನಿಮಿಷ ಯಾರಾದರೊಬ್ಬರು ಕಥೆ ಓದಬೇಕು, ಮಗುವಿನ ಪಕ್ಕದಲ್ಲೇ, ಸಾಲಿನ ಕೆಳಗೆ ಬೆರಳು ಸರಿಸುತ್ತ. ಬರವಣಿಗೆಯ ಅಂದಕ್ಕೆ ನಾನೀಗ ಆತುರಪಡುವುದಿಲ್ಲ. ಆರು ವರ್ಷದ ಮಗುವಿನ ಮಣಿಕಟ್ಟಿನ ಎಲುಬುಗಳೇ ಇನ್ನೂ ಪೂರ್ತಿ ಬಲಿತಿರುವುದಿಲ್ಲ. ದುಂಡಕ್ಷರ ಎಲ್ಲಿಂದ ಬರಬೇಕು?

ಖಾಸಗಿ ಶಾಲೆಗಳಲ್ಲಿ ಮಕ್ಕಳನ್ನು ಓದಿಸುತ್ತಿರುವ ನನ್ನ ಸ್ನೇಹಿತರು ಇದನ್ನೆಲ್ಲ ಕೇಳಿ, “ನಿಮ್ಮದೇನಯ್ಯ, ಏಣಿ. ನಮಗೆ ದಿನಕ್ಕೆ ಮೂರು ಪುಟದ ಹೋಂವರ್ಕ್” ಎನ್ನುತ್ತಾರೆ. ನಿಜವೇ. ರಾತ್ರಿ ಒಂಬತ್ತಕ್ಕೆ ತಾಯಂದಿರ ವಾಟ್ಸಾಪ್ ಗುಂಪಿನಲ್ಲಿ ‘ನಾಳೆಗೆ ಏನು ಬರೆಯಬೇಕು?’ ಎಂಬ ಹಾಹಾಕಾರವೆದ್ದು, ಮಗು ನಿದ್ದೆಹೋಗಿ, ತಾಯಿಯೇ ಎಡಗೈಯಲ್ಲಿ ಸೊಟ್ಟಸೊಟ್ಟಾಗಿ ಬರೆದು ಮುಗಿಸಿದ ಸಂದರ್ಭಗಳು ನನಗೆ ಗೊತ್ತು. ಕೇಂದ್ರ ಶಿಕ್ಷಣ ಮಂತ್ರಾಲಯದ 2020ರ ಶಾಲಾಚೀಲ ನೀತಿಯಾದರೋ, ಎರಡನೆಯ ತರಗತಿಯವರೆಗೆ ಮನೆಗೆಲಸವೇ ಕೂಡದು, ಮೂರರಿಂದ ಐದನೆಯ ತರಗತಿಗೆ ವಾರಕ್ಕೆ ಹೆಚ್ಚೆಂದರೆ ಎರಡು ಗಂಟೆ ಎನ್ನುತ್ತದೆ. ಚಿಕ್ಕ ಮಕ್ಕಳು ಹಿಂದಿನ ಸಂಜೆ ಏನು ಆಡಿದರು, ಏನು ತಿಂದರು ಎಂಬುದನ್ನು ತರಗತಿಯಲ್ಲಿ ಹೇಳಲಿ ಎಂಬ ಸಲಹೆಯೂ ಅದರಲ್ಲಿದೆ. ಈ ನೀತಿಯನ್ನು ಶಾಲೆಯವರ ಮುಂದೆ ವಿನಯದಿಂದ ಎತ್ತಿ ಆಡಲು ತಂದೆತಾಯಿಗಳಿಗೆ ಅಡ್ಡಿಯೇನಿಲ್ಲ. ಆದರೆ ಹೋಂವರ್ಕ್ ಕಡಿಮೆಯಾದರೆ ಶಾಲೆ ಸಡಿಲವಾಯಿತೆಂದು ಮೊದಲು ಹೋಗಿ ದೂರುವವರೂ ನಾವೇ ಅಲ್ಲವೇ?

ಮೊನ್ನೆ ದಸರೆಗೆ ಇನ್ನೂ ಮೂರು ವಾರವಿರುವಾಗ, ಕೃಷ್ಣರಾಜ ವೃತ್ತದ ಬಳಿ ಮಗಳೊಡನೆ ಹೋಗುತ್ತಿದ್ದೆ. ಹಬ್ಬದ ದೊಡ್ಡ ಫಲಕವೊಂದನ್ನು ಆಗತಾನೆ ಕಟ್ಟುತ್ತಿದ್ದರು. ಅವಳು ನನ್ನ ಕೈ ಜಗ್ಗಿ ನಿಂತುಬಿಟ್ಟಳು. ತುಟಿ ಅಲುಗುತ್ತಿತ್ತು.

“ದ... ಸ... ರ... ದಸರ! ಅಪ್ಪಾ, ದಸರ ಅಂತ ಬರೆದಿದ್ದಾರೆ!”

ಹಿಂದೆ ಮುಂದೆ ಹೋಗುತ್ತಿದ್ದವರು ತಿರುಗಿ ನೋಡಿದರು. ನಾನು ಮಾತನಾಡಲಾರದೆ ನಿಂತೆ. ಅಷ್ಟರಲ್ಲಿ ಅವಳ ಹುಬ್ಬು ಗಂಟಿಕ್ಕಿತು.

“ಆ ರ ಪಕ್ಕದಲ್ಲಿ ಏನೋ ಕೊಕ್ಕೆ ಇದೆಯಲ್ಲ, ಅದು ಯಾಕೆ?”

ದೀರ್ಘ, ಇಳಿ, ಕಾಗುಣಿತ, ಎಲ್ಲವೂ ನಾಲಿಗೆಯ ತುದಿಗೆ ಬಂದು ನಿಂತವು. ಕಷ್ಟಪಟ್ಟು ನುಂಗಿಕೊಂಡೆ. “ನನಗೂ ಗೊತ್ತಿಲ್ಲ ಪುಟ್ಟಿ” ಎಂದೆ.

“ಹೋಗಲಿ ಬಿಡು,” ಎಂದಳು ಅವಳು, ನನ್ನ ಕೈ ಹಿಡಿದು ಮುಂದೆ ನಡೆಯುತ್ತ. “ನಮ್ಮ ಮಿಸ್ಸನ್ನ ಕೇಳ್ಕೊಂಡು ಬಂದು ಶನಿವಾರ ಹೇಳಿಕೊಡ್ತೀನಿ.”