ಹಿರಿಯರು ಬಿಟ್ಟುಹೋದ ಬಂದೂಕು



ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಯ ಹಳೆಯ ಮನೆಗಳ ಅಟ್ಟದಲ್ಲಿ ಅಜ್ಜನ ಕಾಲದ ಬಂದೂಕು ಇರುವುದುಂಟು. ನಮ್ಮ ಭಾಗದಲ್ಲಿ ಹತಾರವೆಂದರೆ ಮನೆತನದ ಮಾನ. ಹತಾರ ಬಿಡಲೊಲ್ಲದೆ ಮುಧೋಳ ತಾಲೂಕಿನ ಹಲಗಲಿಯ ಬೇಡರು 1857ರಲ್ಲಿ ಇಂಗ್ಲಿಷರೊಡನೆ ಕಾದಿದರು. ಹಾಗೆಂದು ಹಳೆಯ ಬಂದೂಕನ್ನು ಹಂದಿ ಓಡಿಸಲು ಹೊಲಕ್ಕೆ ಒಯ್ಯಬಾರದು.

ಮೊದಲು, ಅದು ತುಂಬಿದೆ ಎಂದೇ ತಿಳಿಯಿರಿ. ಕರಿಮದ್ದು ತೇವವಾಗದಿದ್ದರೆ ಹತ್ತಾರು ವರ್ಷ ಕಳೆದರೂ ಹೊತ್ತಿಕೊಳ್ಳುತ್ತದೆ. ನಳಿಗೆಯೊಳಗೆ ಇಣುಕಬೇಡಿರಿ, ಮಕ್ಕಳ ಕೈಗೆ ಕೊಡಬೇಡಿರಿ.

ಗುರುತಿಸುವುದು ಹೇಗೆ? ನಳಿಗೆಯ ಕೆಳಗೆ ಗಜಕಡ್ಡಿ, ಹಿಂದೆ ಕೇಪು ಕೂಡಿಸುವ ತೂತಿನ ಮೊನೆ ಇದ್ದರೆ ಅದು ಬಾಯಿಯಿಂದ ಮದ್ದು ತುಂಬುವ ಬಂದೂಕು. ನಡುವೆ ಮಡಚಿ ತೋಟೆ ಹಾಕುವಂಥದು ಅದರ ತರುವಾಯದ ಮಾದರಿ. 12 ನಂಬರಿನ ನಳಿಗೆ ಎಂದರೆ ಆ ಅಳತೆಯ 12 ಸೀಸದ ಗುಂಡುಗಳು ಸೇರಿ ಒಂದು ಪೌಂಡು ತೂಗುತ್ತವೆ. ನಳಿಗೆಯ ಮೇಲೆ ಕಟ್ಟಿಗೆಯ ಎಳೆಯಂಥ ಸುರುಳಿ ಚಿತ್ರ ಕಂಡರೆ ಅದು ಕಬ್ಬಿಣ, ಉಕ್ಕಿನ ಪಟ್ಟಿ ಸುತ್ತಿ ಬೆಸೆದದ್ದು. ಇಂಥವು ಹೆಚ್ಚಾಗಿ ಕರಿಮದ್ದಿಗಾಗಿ ಮಾಡಿದವು. ಇಂದಿನ ತೋಟೆ ಹಾರಿಸಿದರೆ ನಳಿಗೆ ಸೀಳಿ ಕೈ, ಕಣ್ಣು ಹೋದಾವು. ಮುದ್ರೆಗಳನ್ನು ಓದಿ ಹೇಳುವ ಕೆಲಸ ಪರವಾನಗಿ ಪಡೆದ ಬಂದೂಕು ವ್ಯಾಪಾರಿಯದು.

1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಬಂದೂಕಿಗೆ ಪರವಾನಗಿ ಬೇಕು. ತಂದೆಯ ಪರವಾನಗಿ ತಾನಾಗಿ ಮಗನಿಗೆ ಬರುವುದಿಲ್ಲ. ಪರವಾನಗಿದಾರರು ತೀರಿಕೊಂಡರೆ ತಡಮಾಡದೆ ಪೊಲೀಸ್ ಠಾಣೆಗೆ ತಿಳಿಸಿರಿ. ಅವರು ಹೇಳಿದ ರೀತಿಯಲ್ಲಿ ಠಾಣೆಯಲ್ಲಾಗಲಿ ವ್ಯಾಪಾರಿಯಲ್ಲಾಗಲಿ ಒಪ್ಪಿಸಿ ರಸೀದಿ ಪಡೆಯಿರಿ. ಒಪ್ಪಿಸಿದ ಮಾತ್ರಕ್ಕೆ ವಾರಸುದಾರನ ಹಕ್ಕು ಹೋಗದು. ಮರಣದ ದಾಖಲೆ, ಉಳಿದ ವಾರಸುದಾರರ ಒಪ್ಪಿಗೆಯೊಡನೆ ಜಿಲ್ಲಾಧಿಕಾರಿಗಳಿಗೆ ಅರ್ಜಿ ಕೊಡಬಹುದು. 2019ರ ತಿದ್ದುಪಡಿಯಂತೆ ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಬಂದೂಕು ಸಲ್ಲದು. ದುರಸ್ತಿ ಮಾಡಿದರೂ ಹಾರದ ಪುರಾತನ ಬಂದೂಕಿಗೆ ಕಾಯಿದೆಯಲ್ಲಿ ವಿನಾಯಿತಿಯುಂಟು. ಆದರೆ ಅದು ಹಾರದೆಂದು ನಾವೇ ತೀರ್ಮಾನಿಸಬಾರದು.

ಪರವಾನಗಿ ಬಂದ ಮೇಲೆ ವ್ಯಾಪಾರಿಯಿಂದ ಖಾಲಿ ಮಾಡಿಸಿ ಬೀಗದ ಪೆಟ್ಟಿಗೆಯಲ್ಲಿಡಿರಿ. ತೋಟೆ ಬೇರೆ ಕಡೆ ಇರಲಿ. ತೊಗಲಿನ ಚೀಲ ತೇವ ಹಿಡಿಯುತ್ತದೆ, ಅದರಲ್ಲಿಡಬಾರದು. ಹೊಲಿಗೆ ಯಂತ್ರದ ತೆಳು ಎಣ್ಣೆಯನ್ನು ಅರಿವೆಯಿಂದ ಸವರಿರಿ. ಕುಸುಬಿ ಎಣ್ಣೆ ಬೇಡ, ಅದು ಅಂಟುಗಟ್ಟುತ್ತದೆ. ಉಸುಕಿನ ಕಾಗದದಿಂದ ತಿಕ್ಕಬೇಡಿರಿ. ಮುದ್ರೆ, ನಂಬರು ಅಳಿಸುವುದು ಅಪರಾಧ.

ಮನೆಯಲ್ಲಿ ಬಂದೂಕು ಇದ್ದವರು ಈ ವಾರವೇ ಅದರ ಕಾಗದ ತೆಗೆದು, ಪರವಾನಗಿ ಯಾರ ಹೆಸರಿನಲ್ಲಿದೆಯೆಂದು ನೋಡಿರಿ.