ಹಂಪಿಯಿಂದ ಪಡುವಣಕ್ಕೆ: ಗಡಿಸೀಮೆಯ ಗುಡಿಗಳು

ಹಂಪಿ ನೋಡಿದವರಲ್ಲಿ ಹೆಚ್ಚಿನವರು ಹೊಸಪೇಟೆಯಿಂದಲೇ ಹಿಂದಿರುಗುತ್ತಾರೆ. ಅಲ್ಲಿಂದ ಪಡುವಣಕ್ಕೆ ಸಾಗಿದರೆ ಸಿಗುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಯ ಸೀಮೆಯಲ್ಲಿ ವಿಜಯನಗರ ಹುಟ್ಟುವುದಕ್ಕೆ ಮುನ್ನೂರು ವರ್ಷ ಮೊದಲೇ ಎದ್ದುನಿಂತ ಗುಡಿಗಳಿವೆ. ಕನ್ನಡ ನಾಡಿನ ಶಿಲ್ಪಕಲೆ ಲಕ್ಕುಂಡಿಯಿಂದ ಬೇಲೂರಿಗೆ ನಡೆದ ದಾರಿ ಇಲ್ಲಿಯೇ ಹಾದುಹೋಗಿದೆ ಎಂಬುದು ನನ್ನ ನಂಬಿಕೆ. ಆ ದಾರಿಯ ಗುರುತುಗಳು ಕಲ್ಲಿನಲ್ಲಿ ಇನ್ನೂ ಅಳಿಯದೆ ಉಳಿದಿವೆ.

ಇದು ಮೊದಲಿನಿಂದಲೂ ಗಡಿಯ ನಾಡು. ನಾಲ್ಕನೆಯ ಶತಮಾನದಲ್ಲಿ ಕಂಚಿಯ ಪಲ್ಲವ ಶಿವಸ್ಕಂದವರ್ಮ ಹೊರಡಿಸಿದ ಪ್ರಾಕೃತ ತಾಮ್ರಶಾಸನ ಸಿಕ್ಕಿದ್ದು ಹಿರೇಹಡಗಲಿಯಲ್ಲಿ. ಆಮೇಲೆ ಇದು ನೊಳಂಬವಾಡಿಗೆ ಸೇರಿತು. ಉಚ್ಚಂಗಿದುರ್ಗದ ಕೋಟೆಗಾಗಿ ಪಾಂಡ್ಯರೂ ಹೊಯ್ಸಳರೂ ಕಾದಾಡಿದರು. ಕಂಪನಿ ಸರ್ಕಾರಕ್ಕೆ ನಿಜಾಮ 1800ರಲ್ಲಿ ಬಿಟ್ಟುಕೊಟ್ಟ ಪ್ರದೇಶದಲ್ಲಿ ಇದೂ ಇತ್ತು. ಆಗ ಇಲ್ಲಿಯವರು ಮದರಾಸಿನ ಪ್ರಜೆಗಳು. ತುಂಗಭದ್ರೆ ದಾಟಿದರೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ, ತೆಂಕಣಕ್ಕೆ ಮೈಸೂರು ಸಂಸ್ಥಾನ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯ ಸೇರಿತು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಹೀಗೆ ಪ್ರತಿ ರಾಜಧಾನಿಗೂ ಅಂಚಿನಲ್ಲೇ ಉಳಿದದ್ದರಿಂದ ಇಲ್ಲಿನ ಗುಡಿಗಳಿಗೆ ಸಲ್ಲಬೇಕಾದ ಹೆಸರು ಸಂದಿಲ್ಲ. ಅಲೆಕ್ಸಾಂಡರ್ ರೀ ಎಂಬ ಅಧಿಕಾರಿ ಇವುಗಳ ನಕ್ಷೆ, ಚಿತ್ರಗಳನ್ನು ಸೇರಿಸಿ ಚಾಲುಕ್ಯ ವಾಸ್ತುಶಿಲ್ಪದ ಕುರಿತ ದೊಡ್ಡ ಗ್ರಂಥವನ್ನು 1896ರಲ್ಲಿ ಹೊರತಂದ. ಅದು ಅಚ್ಚಾದದ್ದೂ ಮದರಾಸಿನಲ್ಲಿ.

ಮೊದಲು ನೋಡಬೇಕಾದದ್ದು ಹರಪನಹಳ್ಳಿ ಸಮೀಪದ ಬಾಗಳಿಯ ಕಲ್ಲೇಶ್ವರ. ರಾಷ್ಟ್ರಕೂಟರ ಕಾಲದಲ್ಲಿ ಶುರುವಾದ ಗುಡಿಯನ್ನು ಕಲ್ಯಾಣದ ಚಾಲುಕ್ಯ ದೊರೆ ಎರಡನೆಯ ತೈಲಪನ ಆಳ್ವಿಕೆಯಲ್ಲಿ, 987ರ ಸುಮಾರಿಗೆ, ದುಗ್ಗಿಮಯ್ಯ ಎಂಬಾತ ಬೆಳೆಸಿದ. ಹತ್ತರಿಂದ ಹನ್ನೆರಡನೆಯ ಶತಮಾನದವರೆಗಿನ 36 ಹಳಗನ್ನಡ ಶಾಸನಗಳು ಇಲ್ಲಿ ದೊರೆತಿವೆ. ಒಂದು ಊರಿನ ಎರಡು ಶತಮಾನಗಳ ದಾನ, ದತ್ತಿ, ಅಧಿಕಾರದ ಕತೆಯನ್ನು ಒಂದೇ ಅಂಗಳದಲ್ಲಿ ಓದಬಹುದಾದ ಜಾಗಗಳು ಎಷ್ಟಿದ್ದಾವು? ಐವತ್ತು ಕಂಬಗಳ ತೆರೆದ ಸಭಾಮಂಟಪದಲ್ಲಿ ನಿಧಾನವಾಗಿ ಓಡಾಡಬೇಕು. ಸೂರ್ಯನಿಗೂ ನರಸಿಂಹನಿಗೂ ಇಲ್ಲಿ ಬೇರೆಬೇರೆ ಗುಡಿಗಳಿವೆ.

ಬಾದಾಮಿಯ ಚಾಲುಕ್ಯರು ಮರಳುಗಲ್ಲಿನಲ್ಲಿ ಕಟ್ಟಿದರೆ ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪಿಗಳು ಬಳಪದ ಕಲ್ಲಿಗೆ ಒಲಿದರು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿ ಬಿಸಿಲು ತಾಗುತ್ತ ಬಿಗಿಯಾಗುವ ಕಲ್ಲು ಇದು. ಇದರಲ್ಲಿ ಕಂಬವನ್ನು ತಿರುಗಿಸಿ ಉರುಟಾಗಿ ಕಡೆಯಬಹುದು, ಮಣಿಸರದ ಒಂದೊಂದು ಮಣಿಯನ್ನೂ ಬಿಡಿಸಬಹುದು. ಕುರುವತ್ತಿಯ ಮಲ್ಲಿಕಾರ್ಜುನ ಗುಡಿಯ ಮೂಡಣ ಬಾಗಿಲಿಗೆ ಬಂದರೆ ಈ ಕೈಚಳಕ ಎಲ್ಲಿಗೆ ಮುಟ್ಟಿತೆಂದು ತಿಳಿಯುತ್ತದೆ. ಬಾಗಿಲ ಇಕ್ಕೆಲದ ಕಂಬಗಳಿಂದ ಮುಂದಕ್ಕೆ ಬಾಗಿ ನಿಂತ ಮದನಿಕೆಯರ ಹಿಂದೆ ಬೆಳಕು ಹಾಯುವಷ್ಟು ಕಲ್ಲನ್ನು ಕೊರೆದು ತೆಗೆದಿದ್ದಾರೆ. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯಾದದ್ದು 1117ರಲ್ಲಿ. ಅಲ್ಲಿನ ಮದನಿಕೆಯರ ಮುಂದೆ ಮೈಮರೆಯುವವರು ಅವರ ಈ ಹಿರಿಯಕ್ಕಂದಿರನ್ನೂ ಒಮ್ಮೆ ನೋಡಬೇಕು. ಹೊಯ್ಸಳರು ಚಾಲುಕ್ಯರ ಸಾಮಂತರಾಗಿ ಬೆಳೆದವರು. ಅರಸೊತ್ತಿಗೆಯ ಜೊತೆ ಉಳಿಯ ವಿದ್ಯೆಯೂ ತೆಂಕಣಕ್ಕೆ ಇಳಿಯಿತು.

ಕುರುವತ್ತಿಗೆ ಇನ್ನೊಂದು ನೆನಪೂ ಇದೆ. ವಾಸಿಯಾಗದ ಕಾಯಿಲೆಗೆ ತುತ್ತಾದ ಚಾಲುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರ 1068ರಲ್ಲಿ ಇಲ್ಲಿಯೇ ತುಂಗಭದ್ರೆಗಿಳಿದು ಪ್ರಾಣಬಿಟ್ಟ. ಅದಕ್ಕೆ ಹನ್ನೊಂದು ವರ್ಷ ಮೊದಲು ಅವನ ಪ್ರಧಾನಿ ದೇಮರಸ ಕಟ್ಟಿಸಿದ ಗುಡಿ ಹಿರೇಹಡಗಲಿಯಲ್ಲಿದೆ. ಅಂಬಳಿಯ ಕಲ್ಲೇಶ್ವರ 1083ರದು. ಹೂವಿನಹಡಗಲಿಯ ಕೇಶವ ಗುಡಿಯನ್ನು ಕಟ್ಟಿಸಿದವಳು ಮಂತ್ರಿ ರವಿದೇವನ ಹೆಂಡತಿ ರೆಬ್ಬಲದೇವಿ. ಮಾಗಳ, ನೀಲಗುಂದಗಳನ್ನೂ ಬಿಡಬಾರದು.

ಕೊಟ್ಟೂರಿನ ಮಾತು ಬೇರೆ. ಅಲ್ಲಿಯದು ಜನ ಬದುಕುವ ಪರಂಪರೆ. ಮೂಲಾ ನಕ್ಷತ್ರದಂದು ನಡೆಯುವ ಗುರು ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆ ಕಡೆಯಿಂದಲೂ ಭಕ್ತರು ಕಾಲ್ನಡಿಗೆಯಲ್ಲಿ ಬರುತ್ತಾರೆ. ದಲಿತ ಮುತ್ತೈದೆಯರು ಆರತಿ ಬೆಳಗಿದ ಮೇಲೆಯೇ ತೇರು ಸಾಗುತ್ತದೆ. ಕೂಡ್ಲಿಗಿಯಲ್ಲಿ ಗಾಂಧೀಜಿಯವರ ಚಿತಾಭಸ್ಮವಿರುವ ಹುತಾತ್ಮರ ಸ್ಮಾರಕವಿದೆ. ಆ ದಾರಿಯಲ್ಲಿ ಹೋಗುವವರು ಹತ್ತು ನಿಮಿಷ ನಿಂತು ಹೋಗಬೇಕು.

ಹೊರಡುವವರಿಗೆ ಒಂದು ಮಾತು. ಹರಪನಹಳ್ಳಿಯಲ್ಲಿ ಉಳಿದುಕೊಂಡರೆ ಬಾಗಳಿ, ನೀಲಗುಂದ, ಉಚ್ಚಂಗಿದುರ್ಗ ಅನುಕೂಲ. ಹೂವಿನಹಡಗಲಿಯಿಂದ ಮಾಗಳ, ಹಿರೇಹಡಗಲಿ, ಮೈಲಾರ, ಕುರುವತ್ತಿ. ಭರತ ಹುಣ್ಣಿಮೆಗೆ ಮೈಲಾರದಲ್ಲಿ, ಶಿವರಾತ್ರಿಯ ಆಸುಪಾಸಿಗೆ ಕುರುವತ್ತಿಯಲ್ಲಿ ಜಾತ್ರೆ ನೆರೆಯುತ್ತದೆ. ಶಿಲ್ಪವನ್ನೇ ನೋಡಬೇಕೆನ್ನುವವರು ಆ ದಿನಗಳನ್ನು ಬಿಟ್ಟು ಹೋಗಲಿ. ಕುರುವತ್ತಿಗೆ ಬೆಳಿಗ್ಗೆ ಬೇಗ ತಲುಪಿ, ಏಕೆಂದರೆ ಮದನಿಕೆಯರ ಬಾಗಿಲು ಮೂಡಣಕ್ಕಿದೆ.