ತಡೆತಡೆದು ಓಡುವ ಚಿತ್ರ

ನಮ್ಮ ಶಿರಾಳಕೊಪ್ಪದ ಸಮೀಪದಲ್ಲಿರುವ ತಾಳಗುಂದದ ಸ್ತಂಭಶಾಸನವು ಸುಮಾರು ಒಂದೂವರೆ ಸಾವಿರ ವರ್ಷಗಳ ಮಳೆ ಬಿಸಿಲುಗಳನ್ನು ಸಹಿಸಿ ನಿಂತಿದೆ. ಅದರ ಅಕ್ಷರಗಳನ್ನು ಇಂದಿಗೂ ಓದಬಹುದು. ಆದರೆ ಮೂವತ್ತು ವರ್ಷಗಳ ಹಿಂದಿನ ಮದುವೆಯೊಂದರ ವಿಡಿಯೋ ಕ್ಯಾಸೆಟ್ಟಿಗೆ ಅಂತಹ ಆಯುಸ್ಸಿಲ್ಲ. ಈ ಅರೆಮಲೆನಾಡಿನ ತೇವದಲ್ಲಿ ಟೇಪಿನ ಸುರುಳಿಗೆ ಬೂಷ್ಟು ಹಿಡಿಯುತ್ತದೆ. ಒಂದೊಂದು ಸಲ ಓಡಿಸಿದಾಗಲೂ ಕಾಂತಲೇಪನವು ಅಷ್ಟಷ್ಟು ಸವೆಯುತ್ತದೆ. ಅದನ್ನು ಓಡಿಸುವ ವಿ.ಸಿ.ಆರ್. ಯಂತ್ರಗಳೂ ಅಪರೂಪವಾಗಿವೆ. ವಿ.ಎಚ್.ಎಸ್. ಪದ್ಧತಿಯು ಜಪಾನಿನಲ್ಲಿ 1976ರಲ್ಲಿ ಹುಟ್ಟಿತು. ಕಟ್ಟಕಡೆಗೆ ಉಳಿದಿದ್ದ ಫುನಾಯ್ ಕಾರ್ಖಾನೆಯೂ 2016ರಲ್ಲಿ ಅದರ ಯಂತ್ರಗಳ ತಯಾರಿಕೆಯನ್ನು ನಿಲ್ಲಿಸಿತು. ಆದುದರಿಂದ ಅನೇಕ ಮನೆಗಳಲ್ಲಿ ಹಳೆಯ ಕ್ಯಾಸೆಟ್ಟುಗಳನ್ನು ಡಿವಿಡಿಗೆ ಇಳಿಸುವ ಕೆಲಸ ನಡೆಯುತ್ತಿದೆ.

ಹೀಗೆ ಇಳಿಸಿದ ಡಿಸ್ಕೊಂದನ್ನು ನಮ್ಮ ವಿದ್ಯಾರ್ಥಿಯೊಬ್ಬನು ನಮ್ಮ ಬಳಿಗೆ ತಂದನು. ಅವನ ತಂದೆತಾಯಿಗಳ ಮದುವೆ 1995ರಲ್ಲಿ ನಡೆದದ್ದು. ಅದರಲ್ಲಿ ಅವನ ಅಜ್ಜಿ ಹಾಡುತ್ತ ಆರತಿ ಎತ್ತುವ ಭಾಗವಿದೆ. ಅಜ್ಜಿ ಈಗಿಲ್ಲ, ಅವರ ದನಿ ಬೇರೆಲ್ಲಿಯೂ ಉಳಿದಿಲ್ಲ. ಡಿಸ್ಕನ್ನು ಟೆಲಿವಿಷನ್ನಿಗೆ ಜೋಡಿಸಿದ ಪ್ಲೇಯರಿನಲ್ಲಿ ಹಾಕಿದರೆ ಆರತಿಯ ತಟ್ಟೆ ದುಂಡಗೆ ತಿರುಗದೆ ಕುಲುಕಿ ಕುಲುಕಿ ಸಾಗುತ್ತಿತ್ತು. ನಡುನಡುವೆ ಚಿತ್ರವೂ ಹಾಡೂ ಒಟ್ಟಿಗೆ ನಿಂತು, ಕ್ಷಣಕಾಲದ ಮೇಲೆ ಮತ್ತೆ ಹೊರಡುತ್ತಿದ್ದವು. "ಕ್ಯಾಸೆಟ್ಟನ್ನು ಇನ್ನೊಮ್ಮೆ ಓಡಿಸಿ ಮೊದಲಿನಿಂದ ಮಾಡುತ್ತೇನೆ, ಸಾರ್. ಜಾಗ ಸಾಲದು, ಕಂಪ್ಯೂಟರಿನಲ್ಲಿರುವ ಹಳೆಯ ಫೈಲನ್ನು ಅಳಿಸಿಬಿಡುತ್ತೇನೆ" ಎಂದನು. ಎರಡನ್ನೂ ಮಾಡಬೇಡವೆಂದು ನಾವು ತಡೆದೆವು. ಬೂಷ್ಟು ಹಿಡಿದ ಆ ಟೇಪು ಇನ್ನೊಂದು ಓಟವನ್ನು ತಾಳೀತೆಂಬ ಭರವಸೆ ನಮಗಿರಲಿಲ್ಲ.

ದೋಷವನ್ನು ಸರಿಪಡಿಸುವ ಮೊದಲು ಅದು ಎಲ್ಲಿದೆಯೆಂದು ಗೊತ್ತುಮಾಡಿಕೊಳ್ಳಬೇಕಷ್ಟೆ. ಟೇಪಿನ ಚಿತ್ರವು ಟೆಲಿವಿಷನ್ನಿಗೆ ಬರುವಷ್ಟರಲ್ಲಿ ನಾಲ್ಕು ಘಟ್ಟಗಳನ್ನು ದಾಟುತ್ತದೆ. ಮೊದಲು ಟೇಪಿನಿಂದ ಕಂಪ್ಯೂಟರಿಗೆ ಇಳಿಯುತ್ತದೆ. ಎರಡನೆಯದಾಗಿ ಡಿವಿಡಿಗೆ ಒಪ್ಪುವ ರೂಪಕ್ಕೆ ಪರಿವರ್ತನೆಯಾಗುತ್ತದೆ. ಮೂರನೆಯದಾಗಿ ಲೇಸರ್ ಕಿರಣದಿಂದ ಡಿಸ್ಕಿನ ಮೇಲೆ ಬರೆಯಲ್ಪಡುತ್ತದೆ. ಕೊನೆಗೆ ಪ್ಲೇಯರು ಅದನ್ನು ಓದುತ್ತದೆ. ಪ್ರತಿಯೊಂದು ಘಟ್ಟದಲ್ಲಿಯೂ ನಿಂತು ನೋಡಿದರೆ ಕಳ್ಳನು ಸಿಕ್ಕಲೇಬೇಕು.

ಹಾಗೆಯೇ ನೋಡಿದೆವು. ಟೇಪಿನಿಂದ ಇಳಿಸಿದ ಮೂಲ ಫೈಲಿನಲ್ಲಿ ಅಜ್ಜಿಯ ಕೈ ನಯವಾಗಿ ತಿರುಗುತ್ತಿತ್ತು. ಎಂದರೆ, ಕ್ಯಾಸೆಟ್ಟನ್ನು ಪುನಃ ಮುಟ್ಟುವ ಅಗತ್ಯವೇ ಇರಲಿಲ್ಲ. ಅಳಿಸಬೇಕೆಂದಿದ್ದ ಆ ಫೈಲೇ ಈಗ ಮನೆಯ ಸೊತ್ತು! ಪರಿವರ್ತನೆಯಾದ ಫೈಲಿನಲ್ಲಿ ಕುಲುಕಾಟವು ಆಗಲೇ ಸೇರಿತ್ತು, ಆದರೆ ನಿಲುಗಡೆ ಇರಲಿಲ್ಲ. ನಿಲುಗಡೆಯು ಪ್ಲೇಯರಿನಲ್ಲಿ ಮಾತ್ರ ಕಾಣುತ್ತಿತ್ತು. ಹೀಗೆ ಒಂದೇ ಎಂದು ತೋರಿದ ರೋಗವು ಎರಡಾಯಿತು.

ಮೊದಲು ಕುಲುಕಾಟವನ್ನು ವಿಚಾರಿಸೋಣ. ಚಲನಚಿತ್ರವೆಂಬುದು ವಾಸ್ತವವಾಗಿ ಸ್ಥಿರಚಿತ್ರಗಳ ಸಾಲು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳುಳ್ಳದ್ದು. ಅಂತಹ ದೇಶಗಳಲ್ಲಿ ಟೆಲಿವಿಷನ್ ಸೆಕೆಂಡಿಗೆ 25 ಚಿತ್ರಗಳನ್ನು ತೋರಿಸುವಂತೆ ರೂಢಿಯಾಯಿತು. ನಮ್ಮ ವರ್ಣ ಟೆಲಿವಿಷನ್ನಿನ ಪಾಲ್ ಪದ್ಧತಿಯೂ ಹಾಗೆಯೇ. ಅಮೆರಿಕದಲ್ಲಿ ವಿದ್ಯುತ್ತಿನ ಆವರ್ತ 60. ಆದುದರಿಂದ ಚಿತ್ರಗಳು 30. ಅಲ್ಲಿ 1953ರಲ್ಲಿ ವರ್ಣಪದ್ಧತಿ ಅಂಗೀಕಾರವಾದಾಗ ಈ ಸಂಖ್ಯೆ 29.97ಕ್ಕೆ ಇಳಿಯಿತು. ಇದೇ ಎನ್.ಟಿ.ಎಸ್.ಸಿ. ಪದ್ಧತಿ. ನಮ್ಮ ವಿದ್ಯಾರ್ಥಿಯು ಅಮೆರಿಕದಲ್ಲಿರುವ ಚಿಕ್ಕಪ್ಪನಿಗೂ ಒಂದು ಪ್ರತಿ ಕಳುಹಿಸಬೇಕೆಂದು ಈ ಎರಡನೆಯ ಪದ್ಧತಿಯನ್ನು ಆರಿಸಿದ್ದನು. ಇರುವುದು 25 ಚಿತ್ರ, ಬೇಕಾದದ್ದು ಸುಮಾರು 30. ಅವನ ತಂತ್ರಾಂಶವು ಮಾಡಿದ್ದೇನು? ಪ್ರತಿ ಐದನೆಯ ಚಿತ್ರವನ್ನು ಎರಡು ಸಲ ತೋರಿಸಿ ಲೆಕ್ಕವನ್ನು ಸರಿದೂಗಿಸಿತು. ಐದು ಹೆಜ್ಜೆ ನಡೆದು ಒಂದು ಹೆಜ್ಜೆಯ ಕಾಲ ನಿಲ್ಲುವವನನ್ನು ಊಹಿಸಿಕೊಳ್ಳಿರಿ. ಆರತಿಯ ತಟ್ಟೆ ಸೆಕೆಂಡಿಗೆ ಐದು ಸಲ ಹೀಗೆ ನಿಲ್ಲುತ್ತಿತ್ತು. ಕ್ರಮಬದ್ಧವಾದ ಕುಲುಕಾಟವನ್ನು ಕಂಡಾಗಲೆಲ್ಲ ಮೊದಲು ಚಿತ್ರಸಂಖ್ಯೆಯನ್ನೇ ಸಂಶಯಿಸತಕ್ಕದ್ದು.

ಸಂಖ್ಯೆಯನ್ನು 25ಕ್ಕೆ ಸರಿಪಡಿಸಿ, ಆರತಿಯ ಎರಡು ನಿಮಿಷದ ಭಾಗವನ್ನಷ್ಟೇ ಅಳಿಸಿ ಬರೆಯಬಹುದಾದ ಡಿಸ್ಕಿಗೆ ಹಾಕಿ ನೋಡಿದೆವು. ಕುಲುಕಾಟ ಹೋಗಿತ್ತು, ಆದರೆ ಹೊಸದೊಂದು ನಡುಕ ಬಂದಿತ್ತು! ಗೋಡೆ, ಕಂಬಗಳು ನೆಟ್ಟಗಿದ್ದವು. ಚಲಿಸುವ ಕೈ ಮಾತ್ರ ನಡುಗುತ್ತಿತ್ತು. ಇದಕ್ಕೆ ಕಾರಣ ಹೀಗಿದೆ. ಟೆಲಿವಿಷನ್ ಪದ್ಧತಿಯಲ್ಲಿ ಒಂದು ಚಿತ್ರವೆಂದರೆ ಎರಡು ಅರ್ಧಚಿತ್ರಗಳು: ಒಂದರಲ್ಲಿ 1, 3, 5ನೆಯ ಗೆರೆಗಳು, ಇನ್ನೊಂದರಲ್ಲಿ 2, 4, 6ನೆಯ ಗೆರೆಗಳು. ಇವು 1/50 ಸೆಕೆಂಡಿನ ಅಂತರದಲ್ಲಿ ಒಂದಾದ ಮೇಲೊಂದು ಹಿಡಿಯಲ್ಪಟ್ಟವು. ನಮ್ಮ ವಿದ್ಯಾರ್ಥಿಯು ಟೇಪನ್ನು ಇಳಿಸಿಕೊಂಡದ್ದು ಡಿವಿ ಎಂಬ ಕ್ರಮದಲ್ಲಿ. ಅದರಲ್ಲಿ ಕೆಳಗಿನ ಗೆರೆಗಳ ಅರ್ಧಚಿತ್ರ ಮೊದಲು. ಪರಿವರ್ತಿಸುವ ತಂತ್ರಾಂಶವಾದರೋ ಮೇಲಿನದು ಮೊದಲೆಂದು ತಿಳಿದಿತ್ತು. ಆದುದರಿಂದ 1, 2, 3, 4 ಎಂದು ಬರಬೇಕಾದ ಕ್ಷಣಗಳು 2, 1, 4, 3 ಎಂದು ಬಂದವು. ಕೈ ಮುಂದೆ ಹೋಗಿ, ಹಿಂದೆ ಬಂದು, ಮತ್ತೆ ಮುಂದೆ ಹಾರುತ್ತಿತ್ತು. ಒಂದೇ ಗುರುತನ್ನು ಬದಲಾಯಿಸಿದ ಕೂಡಲೆ ನಡುಕ ನಿಂತಿತು.

ಇನ್ನು ಉಳಿದದ್ದು ನಿಲುಗಡೆ. ಇಲ್ಲಿ ಸ್ವಲ್ಪ ಗಣಿತ ಬೇಕು. ನಮ್ಮ ಪದ್ಧತಿಯ ಡಿವಿಡಿ ಚಿತ್ರದಲ್ಲಿ ಅಡ್ಡಲಾಗಿ 720, ಉದ್ದಕ್ಕೆ 576 ಬಿಂದುಗಳಿವೆ. ಬಿಂದುವೊಂದಕ್ಕೆ ಸರಾಸರಿ 12 ಬಿಟ್‌ಗಳೆಂದರೆ, 25 ಚಿತ್ರಗಳಿಗೆ ಸೆಕೆಂಡಿಗೆ ಸುಮಾರು 12.4 ಕೋಟಿ ಬಿಟ್‌ಗಳಾದವು. ಡಿವಿಡಿಯ ನಿಯಮವು ಚಿತ್ರಕ್ಕೆ ಅನುಮತಿಸುವುದು ಸೆಕೆಂಡಿಗೆ ಹೆಚ್ಚೆಂದರೆ 98 ಲಕ್ಷ. ಧ್ವನಿಯೂ ಸೇರಿದರೆ 100.8 ಲಕ್ಷ. ಆದುದರಿಂದ ಚಿತ್ರವನ್ನು ಬಹಳವಾಗಿ ಅಡಕಮಾಡುವುದು ಅನಿವಾರ್ಯ. ನಮ್ಮ ವಿದ್ಯಾರ್ಥಿಯು ಅತ್ಯುತ್ತಮ ಗುಣ ಬರಲೆಂದು ಚಿತ್ರಕ್ಕೆ 95 ಲಕ್ಷ ಬಿಟ್‌ಗಳನ್ನು ಕೊಟ್ಟು, ಧ್ವನಿಯನ್ನು ಅಡಕಮಾಡದೆ ಬಿಟ್ಟಿದ್ದನು. ಆ ಧ್ವನಿಗೆ ಸೆಕೆಂಡಿಗೆ 48,000 ಮಾದರಿಗಳು, ಮಾದರಿಗೆ 16 ಬಿಟ್‌ಗಳು, ವಾಹಿನಿಗಳು ಎರಡು: ಒಟ್ಟು 15.36 ಲಕ್ಷ. ಕೂಡಿಸಿ ನೋಡಿರಿ; 110 ಲಕ್ಷವನ್ನು ಮೀರುತ್ತದೆ!

ಮನೆಯ ಮೇಲಿನ ನೀರಿನ ತೊಟ್ಟಿಯನ್ನು ನೆನೆಯಿರಿ. ಪಂಪು ತುಂಬುವುದಕ್ಕಿಂತ ಹೆಚ್ಚಾಗಿ ನಲ್ಲಿಯಲ್ಲಿ ನೀರು ಹರಿದರೆ ತೊಟ್ಟಿ ಬರಿದಾಗಿ ನಲ್ಲಿ ನಿಲ್ಲುತ್ತದೆ. ಸ್ವಲ್ಪ ತುಂಬಿದೊಡನೆ ಮತ್ತೆ ಹರಿಯುತ್ತದೆ. ಪ್ಲೇಯರಿನೊಳಗೂ ಇಂತಹ ಸಣ್ಣ ಸ್ಮೃತಿಯ ತೊಟ್ಟಿಯೊಂದಿದೆ. ಡಿಸ್ಕಿನಿಂದ ಓದಿದ್ದು ಅದರಲ್ಲಿ ತುಂಬಿ, ಅಲ್ಲಿಂದ ಚಿತ್ರವಾಗಿ ಹೊರಬರುತ್ತದೆ. ಬೇಡಿಕೆ ಮಿತಿಮೀರಿದಾಗ ತೊಟ್ಟಿ ಬರಿದಾಗುತ್ತಿತ್ತು. ಕಂಪ್ಯೂಟರು ಹಾರ್ಡ್ ಡಿಸ್ಕಿನಿಂದ ಬಹು ವೇಗವಾಗಿ ಓದುವುದರಿಂದ ಅಲ್ಲಿ ಈ ದೋಷ ಕಾಣಲಿಲ್ಲ. ಹಳೆಯ ಟೇಪಿನ ಚಿತ್ರದಲ್ಲಿ ಹುಡಿಯಂತೆ ಮಿನುಗುವ ಗೊಂದಲವೂ ಇರುತ್ತದೆಯಷ್ಟೆ. ಅದರಲ್ಲಿ ಯಾವ ಕ್ರಮವೂ ಇಲ್ಲದ ಕಾರಣ ಅದನ್ನು ಅಡಕಮಾಡುವುದು ಕಷ್ಟ, ಬಿಟ್‌ಗಳನ್ನು ಅದು ವೃಥಾ ನುಂಗುತ್ತದೆ.

ಆದರೆ ಅವಸರದಿಂದ ತೀರ್ಮಾನಕ್ಕೆ ಬರಬಾರದು. ಡಿಸ್ಕನ್ನು ಬರೆಯುವಾಗಲೇ ಕೆಟ್ಟಿರಬಹುದಲ್ಲವೆ? ಬರೆಯುವ ಡಿಸ್ಕಿನಲ್ಲಿ ಒಂದು ಬಣ್ಣದ ಪದರವಿದೆ. 650 ನ್ಯಾನೋಮೀಟರಿನ ಸುಮಾರಿನ ಕೆಂಪು ಲೇಸರು ಅದರಲ್ಲಿ ಗುರುತುಗಳನ್ನು ಮೂಡಿಸುತ್ತದೆ. ಅವುಗಳ ಸಾಲುಗಳಿಗೆ ಇರುವ ಅಂತರ ಕೇವಲ 0.74 ಮೈಕ್ರೋಮೀಟರು. ಅಗ್ಗದ ಡಿಸ್ಕಿನಲ್ಲಿ ಅತಿವೇಗದಿಂದ ಬರೆದರೆ ಗುರುತುಗಳು ಅಸ್ಪಷ್ಟವಾಗಿ, ಪ್ಲೇಯರು ಓದಿದ್ದನ್ನೇ ಮತ್ತೆ ಮತ್ತೆ ಓದಲು ಯತ್ನಿಸಿ ತಡೆಯುತ್ತದೆ. ಆದುದರಿಂದ ಅದೇ ಫೈಲನ್ನು ಬೇರೊಂದು ಡಿಸ್ಕಿಗೆ ಕಡಿಮೆ ವೇಗದಲ್ಲಿ ಬರೆದು ನೋಡಿದೆವು. ಚಿತ್ರವು ಹಿಂದಿನ ಸ್ಥಳಗಳಲ್ಲೇ ನಿಂತಿತು. ಬರೆವಣಿಗೆ ನಿರ್ದೋಷಿಯೆಂದು ಆಗ ನಿಶ್ಚಯವಾಯಿತು.

ಕೊನೆಯ ಲೆಕ್ಕ ಸುಲಭ. ಡಿಸ್ಕೊಂದು ಹಿಡಿಯುವುದು 4.7 ಗಿಗಾಬೈಟ್, ಎಂದರೆ 3,760 ಕೋಟಿ ಬಿಟ್‌ಗಳು. ಮೂರು ಗಂಟೆಯ ಮದುವೆಯನ್ನು ಎರಡು ಡಿಸ್ಕುಗಳಿಗೆ ಹಂಚಿದರೆ ಒಂದಕ್ಕೆ 5,400 ಸೆಕೆಂಡುಗಳು. ಭಾಗಿಸಿದರೆ ಸೆಕೆಂಡಿಗೆ ಸುಮಾರು 69 ಲಕ್ಷ ದೊರೆಯಿತು. ಚಿತ್ರಕ್ಕೆ 60 ಲಕ್ಷ, ಅಡಕಮಾಡಿದ ಧ್ವನಿಗೆ 2 ಲಕ್ಷದ ಸುಮಾರು ಇಟ್ಟು, ಉಳಿದುದನ್ನು ಮೀಸಲಾಗಿ ಬಿಟ್ಟೆವು. ಚಿಕ್ಕಪ್ಪನಿಗೆ ಡಿಸ್ಕಿನ ಬದಲು ಫೈಲನ್ನೇ ಕಳುಹಿಸಲು ಹೇಳಿದೆವು. ಕಂಪ್ಯೂಟರಿಗೆ 25, 30 ಎಂಬ ಭೇದವಿಲ್ಲ.

ಆ ಸಂಜೆ ಅವರ ಮನೆಯಲ್ಲಿ ಡಿಸ್ಕು ಎಲ್ಲಿಯೂ ನಿಲ್ಲದೆ ಓಡಿತು. ಆರತಿ ದುಂಡಗೆ ತಿರುಗಿತು. ವಿದ್ಯಾರ್ಥಿಯ ತಾಯಿ ಆ ಭಾಗವನ್ನು ಮೂರು ಸಲ ಹಾಕಿಸಿ, ಅತ್ತೆಯ ಹಾಡನ್ನು ಪುಸ್ತಕದಲ್ಲಿ ಬರೆದುಕೊಂಡರು.

ನಿಮ್ಮ ಮನೆಯಲ್ಲಿಯೂ ಇಂತಹ ಕ್ಯಾಸೆಟ್ಟುಗಳಿದ್ದರೆ ಮುಂದಿನ ಮಳೆಗಾಲಕ್ಕೆ ಮುಂಚೆ ಈ ಕೆಲಸಕ್ಕೆ ಕೈಹಾಕಿರಿ. ಬೂಷ್ಟು ಕಂಡ ಟೇಪನ್ನು ಮೊದಲು ತಿಳಿದವರಿಂದ ಶುಚಿಮಾಡಿಸಿರಿ. ಟೇಪಿನಿಂದ ಇಳಿಸಿದ ಮೂಲ ಫೈಲು ಗಂಟೆಗೆ ಸುಮಾರು 13 ಗಿಗಾಬೈಟ್ ಜಾಗ ಹಿಡಿದರೂ ಅದನ್ನು ಅಳಿಸದೆ ಎರಡು ಕಡೆಗಳಲ್ಲಿ ಇಟ್ಟುಕೊಳ್ಳಿರಿ. ಡಿಸ್ಕಿನ ಬಣ್ಣದ ಪದರವೂ ಶಾಶ್ವತವಲ್ಲ. ಚಿತ್ರ ತಡವರಿಸಿದರೆ ಗಾಬರಿಪಡದೆ ಘಟ್ಟಘಟ್ಟವಾಗಿ ಹಿಂದಕ್ಕೆ ಬನ್ನಿರಿ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿರಿ. ಫೈಲನ್ನು ನೂರು ಸಲ ಪರಿವರ್ತಿಸಬಹುದು. ಟೇಪನ್ನು ಹಾಗೆ ನೂರು ಸಲ ಓಡಿಸಲಾಗದು.